ಕಥೆಯ ಕೊನೆ ಕೈಕೊಟ್ಟಾಗ ಮೊದಲ ಪುಟ ತೆಗೆಯಿರಿ

ಮುಕ್ಕಾಲು ಕಥೆ ಸಲೀಸಾಗಿ ಬರುತ್ತೆ, ಮುಗಿಸೋಕೆ ಹೋದರೆ ಕೆಡುತ್ತೆ, ನಾಯಕಿ ಊರಿನ ಮನೆ ಮಾರಬೇಕೋ ಬೇಡವೋ ಅಂತಲೇ ತೀರ್ಮಾನ ಆಗ್ತಿಲ್ಲ ಅಂತ ಕೇಳಿದ್ದೀರಿ. ನಾನು ಮುಂಬೈ ಹತ್ತಿರದ ಡೊಂಬಿವಲಿಯವನು. ಬರೆಯುವುದು ಜಾಸ್ತಿ ಲೋಕಲ್ ಗಾಡಿಯಲ್ಲೇ, ಸೀಟು ಸಿಕ್ಕಿದ ದಿನ. ಇದೇ ತೊಂದರೆಯಲ್ಲಿ ನಾನೂ ತುಂಬಾ ದಿನ ಒದ್ದಾಡಿದ್ದೇನೆ.

ನನ್ನ ಒಂದು ಕಥೆಯಲ್ಲಿ ಕುಂದಾಪುರದ ಕಡೆಯ ಮಾಣಿ ಒಬ್ಬ ಮಾಟುಂಗಾದ ಹೋಟೆಲಿಗೆ ಬಂದು ಟೇಬಲ್ ಒರೆಸುವ ಕೆಲಸಕ್ಕೆ ಸೇರುತ್ತಾನೆ. ಓದಲು ಬಾರದು. ಅಮ್ಮನ ಇನ್‌ಲ್ಯಾಂಡ್ ಪತ್ರ ಬಂದರೆ ಅಡುಗೆ ಭಟ್ಟರೇ ಓದಿ ಹೇಳಬೇಕು. ರಾತ್ರಿ ಹೋಟೆಲ್ ತೊಳೆದಾದ ಮೇಲೆ, ಅಡುಗೆಮನೆಯ ಬಲ್ಬಿನ ಕೆಳಗೆ. ಪ್ರತಿ ಪತ್ರದ ಕೊನೆಗೂ ಒಂದೇ ಮಾತು: "ಹೊಟ್ಟೆ ತುಂಬಾ ಊಟ ಮಾಡು ಮಗಾ." ಮುಂದೆ ಹುಡುಗ ಕನ್ನಡ ರಾತ್ರಿಶಾಲೆಗೆ ಸೇರುತ್ತಾನೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಅಲ್ಲಿ ಕಲಿತವರು ಮುಂಬೈಯಲ್ಲಿ ಎಷ್ಟೋ ಜನ. ನಮ್ಮ ಅಜ್ಜನೂ ಒಬ್ಬರು.

ಇಷ್ಟು ಬರೆದು ನಿಂತುಬಿಟ್ಟೆ. ಮೊದಲ ಸಲ, ಹಳಿ ದಾಟುವಾಗ ಹುಡುಗ ಗಾಡಿಗೆ ಸಿಕ್ಕಿ ಸಾಯುವ ಹಾಗೆ ಮಾಡಿದೆ. ಓದಿದ ಹಿರಿಯರೊಬ್ಬರು, "ಅವನು ಸತ್ತದ್ದು ಗಾಡಿಯಿಂದ ಅಲ್ಲ ಮಾರಾಯ, ನಿನಗೆ ಬರೆದು ಸುಸ್ತಾಗಿತ್ತು, ಅದಕ್ಕೆ" ಎಂದರು. ಎರಡು ದಿನ ನಿದ್ದೆ ಬರಲಿಲ್ಲ. ಆದರೆ ಅವರ ಮಾತು ನಿಜ. ಎರಡನೇ ಸಲ ಅವನನ್ನೇ ಹೋಟೆಲಿನ ಯಜಮಾನ ಮಾಡಿದೆ. ಹಾಗೆ ಆದವರು ಇದ್ದಾರೆ, ಸುಳ್ಳಲ್ಲ. ಆದರೆ ನನ್ನ ಹುಡುಗ ಹೋಟೆಲ್ ಬೇಕು ಅಂತ ಎಲ್ಲೂ ಆಸೆಪಟ್ಟವನೇ ಅಲ್ಲ.

ಆಮೇಲೆ ಮೊದಲ ಪುಟ ಮತ್ತೆ ಓದಿದೆ. ಭಟ್ಟರ ಕೈಯಲ್ಲಿ ಪತ್ರ, ಹುಡುಗನ ಕಣ್ಣು ಭಟ್ಟರ ಬಾಯಿಯ ಮೇಲೆ. ಅವನಿಗೆ ಬೇಕಾದದ್ದು ಅಮ್ಮನ ಮಾತು, ಅಷ್ಟೇ. ಹಾಗಾದರೆ ಕಥೆ ಮುಗಿಯಬೇಕಾದದ್ದೂ ಆ ಪತ್ರದಲ್ಲೇ ಅಲ್ವಾ?

ಈಗ ಅವನಿಗೆ ಓದಲು ಬರುತ್ತೆ. ಟ್ರಂಕಿನಿಂದ ಹಳೆಯ ಪತ್ರಗಳನ್ನೆಲ್ಲ ತೆಗೆದು ಕೂಡಿಸಿ ಕೂಡಿಸಿ ಓದುತ್ತಾನೆ. ಮಳೆ, ಸಾಲ, ದನ ಕರು ಹಾಕಿದ್ದು, ದುಡ್ಡು ಕಳಿಸು ಅನ್ನುವುದು. ಊಟದ ಮಾತು ಒಂದರಲ್ಲೂ ಇಲ್ಲ. ಅದು ಭಟ್ಟರದು. ಮುಂದಿನ ವಾರ ಹೊಸ ಪತ್ರ ಬರುತ್ತೆ. ಒಡೆಯದೆ ಅಡುಗೆಮನೆಗೆ ಹೋಗಿ "ಓದಿ ಭಟ್ರೇ" ಅಂತ ಕೊಡುತ್ತಾನೆ.

ಅಲ್ಲಿಗೆ ನಿಲ್ಲಿಸಿದೆ. ಭಟ್ಟರು ಓದುವುದು, ಹುಡುಗ ಕಣ್ಣೊರೆಸಿಕೊಳ್ಳುವುದು ಅಂತ ಇನ್ನೂ ಎರಡು ಪ್ಯಾರಾ ಇತ್ತು, ಹೊಡೆದುಹಾಕಿದೆ. ಓದುಗರು ಅದನ್ನು ತಾವೇ ನೋಡಿಕೊಳ್ಳುತ್ತಾರೆ. ಈ ಕೊನೆಗೆ ನಾನು ಹೊಸದಾಗಿ ಏನನ್ನೂ ತಂದಿಲ್ಲ ಅನ್ನುವುದನ್ನು ಗಮನಿಸಿ. ಪತ್ರ, ಭಟ್ಟರು, ಆ ಒಂದು ಸಾಲು, ಎಲ್ಲ ಮೊದಲೇ ಇತ್ತು. ಕೊನೆಯ ಪುಟದಲ್ಲಿ ಅಪಘಾತವೋ ದೂರದ ನೆಂಟರ ಆಸ್ತಿಯೋ ಬಂದರೆ ಓದಿದವರಿಗೆ ಮೋಸ ಹೋದ ಹಾಗೆ ಆಗುತ್ತೆ.

ಇನ್ನೊಂದು, ಕಥೆ ಯಾರದು ಅಂತ ಗಟ್ಟಿ ಮಾಡಿಕೊಳ್ಳಿ. ನಮ್ಮ ಹಳೆಯ ಕವಿಗಳನ್ನೇ ನೋಡಿ. ಮಹಾಭಾರತದ ಕಥೆ ಒಂದೇ. ಪಂಪ ಕೊನೆಗೆ ಪಟ್ಟ ಕಟ್ಟಿದ್ದು ಅರ್ಜುನನಿಗೆ. ರನ್ನ ಭೀಮನಿಗೆ ಕಟ್ಟಿದ. ಕುಮಾರವ್ಯಾಸ 10 ಪರ್ವಕ್ಕೇ ನಿಲ್ಲಿಸಿ ಧರ್ಮರಾಯನ ಪಟ್ಟದೊಂದಿಗೆ ಮುಗಿಸಿದ, ಉಳಿದ 8 ಪರ್ವಗಳಿಗೆ ಕೈಹಾಕಲಿಲ್ಲ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಎಷ್ಟು ಧೈರ್ಯವಾಗಿ ತೀರ್ಮಾನಿಸಿದ್ದಾರೆ! ನನಗೆ ಇದು ಇವತ್ತಿಗೂ ಬೆರಗು.

ನಿಮ್ಮ ನಾಯಕಿ ವಿಷಯಕ್ಕೆ ಬರುತ್ತೇನೆ. ಮಾರುತ್ತಾಳಾ ಇಲ್ಲವಾ ಅನ್ನುವುದನ್ನು ಸ್ವಲ್ಪ ಬದಿಗಿಡಿ. ಮೊದಲ ದೃಶ್ಯದಲ್ಲಿ ಅವಳು ಪುಣೆಯ ಫ್ಲಾಟಿನಿಂದ ಅಣ್ಣನಿಗೆ ಫೋನ್ ಮಾಡಿ, ಬಾವಿಯಲ್ಲಿ ನೀರಿದೆಯಾ ಅಂತ ಕೇಳುತ್ತಾಳೆ ಅಂತ ಬರೆದಿದ್ದೀರಿ. ಮನೆಗೆ ಎಷ್ಟು ಬರುತ್ತೆ ಅಂತ ಕೇಳಿಲ್ಲ. ಆ ಬಾವಿಯನ್ನು ನೀವು ಆಮೇಲೆ ಮರೆತೇಬಿಟ್ಟಿದ್ದೀರಿ. ಅವಳನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ, ಕೊಡಪಾನ ಇಳಿಸಿ ಹಗ್ಗ ಜಗ್ಗಲಿ. ಅಣ್ಣ ಪಕ್ಕದಲ್ಲೇ ನಿಂತಿರಲಿ. ಅಲ್ಲಿ ಇಬ್ಬರೂ ಏನು ಮಾತಾಡುತ್ತಾರೆ ಅಂತ ಬರೆದು ನೋಡಿ.