ಹಳೇ 407ರ ಎಂಜಿನ್ ಜಾಗ: ಗುಜರಿಯಿಂದ ಏನು ತರಬೇಕು, ಏನು ತರಬಾರದು

ಪ್ರಶ್ನೆ: ನನ್ನದು 2006ರ ಟಾಟಾ 407 ಮಿನಿ ಲಾರಿ. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ತರಕಾರಿ ಹೊಡೆಯುತ್ತೇನೆ. ಎಂಜಿನ್ ಚೆನ್ನಾಗಿದೆ. ಆದರೆ ಬಾನೆಟ್ ಎತ್ತಿದರೆ ನನಗೇ ಬೇಜಾರಾಗುತ್ತದೆ. ಎಲ್ಲ ಕಡೆ ವೈರ್ ಜೋತು ಬಿದ್ದಿದೆ. ಕೂಲಂಟ್ ಬಾಟಲಿ ಒಡೆದು, ಅದರ ಜಾಗಕ್ಕೆ ಕುಡಿಯುವ ನೀರಿನ ಬಾಟಲಿ ಕಟ್ಟಿದ್ದೇನೆ. ಬ್ಯಾಟರಿ ಟ್ರೇ ತುಕ್ಕು ತಿಂದಿದೆ, ಟ್ಯೂಬ್ ಪಟ್ಟಿ ಬಿಗಿದಿದ್ದೇನೆ. ಹೊಸ ಸಾಮಾನಿಗೆ ದುಡ್ಡು ಸಾಲದು. ಗುಜರಿ ಸಾಮಾನಿನಲ್ಲೇ ಇದನ್ನೆಲ್ಲ ಸರಿ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?
– ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಮಾಡಬಹುದು. ಆದರೆ ಗುಜರಿಗೆ ಹೋಗುವ ಮೊದಲು ಎಂಜಿನ್ ತೊಳೆಯಿರಿ. ಇಷ್ಟು ವರ್ಷದ ಎಣ್ಣೆ, ಧೂಳು ಸೇರಿ ಮೆತ್ತಿಕೊಂಡಿರುತ್ತದೆ. ಅದು ಹೋಗದೆ ಎಲ್ಲಿ ಲೀಕ್ ಇದೆ, ಯಾವ ಬ್ರಾಕೆಟ್ ಬಿರುಕು ಬಿಟ್ಟಿದೆ ಅಂತ ಗೊತ್ತಾಗುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಸೋಪು ಪುಡಿ, ಬ್ರಷ್ ಸಾಕು. ಡೀಸೆಲ್ ಹಾಕಿ ತೊಳೆಯುವ ಅಭ್ಯಾಸ ಜಾಸ್ತಿ ಇದೆ, ಅದು ಬೇಡ. ಡೀಸೆಲ್ ತಾಗಿದ ರಬ್ಬರ್ ಹೋಸ್ ಉಬ್ಬಿ ಮೆತ್ತಗಾಗುತ್ತದೆ.

ತೊಳೆದ ಮೇಲೆ ಎರಡು ದಿನ ಗಾಡಿ ಓಡಿಸಿ ಮತ್ತೆ ಬಾನೆಟ್ ಎತ್ತಿ. ಹೊಸದಾಗಿ ಎಲ್ಲಿ ಒದ್ದೆ ಕಾಣುತ್ತದೋ ಅದೇ ನಿಮ್ಮ ಮೊದಲ ಕೆಲಸ.

ಇನ್ನು ಗುಜರಿ. ಹಿಡಿದುಕೊಳ್ಳುವ, ಮುಚ್ಚುವ ಸಾಮಾನನ್ನು ಧೈರ್ಯವಾಗಿ ತನ್ನಿ. ಬ್ರಾಕೆಟ್, ಬ್ಯಾಟರಿ ಟ್ರೇ, ಕ್ಲ್ಯಾಂಪ್, ಫ್ಯೂಸ್ ಬಾಕ್ಸಿನ ಮುಚ್ಚಳ, ಪೈಪ್ ಹಿಡಿಯುವ ಕ್ಲಿಪ್, ಇವೆಲ್ಲ ಹಳೇದಾದರೂ ನಡೆಯುತ್ತದೆ. ತುಕ್ಕು ಉಜ್ಜಿ ಪೇಂಟ್ ಹೊಡೆದರೆ ಮುಗಿಯಿತು. ಡೀಸೆಲ್ ಪೈಪ್, ಆಯಿಲ್ ಹೋಸ್, ಬೆಲ್ಟ್, ಬ್ರೇಕ್ ಬೂಸ್ಟರಿಗೆ (ಬ್ರೇಕ್ ಪೆಡಲ್ ಹಗುರ ಮಾಡುವ ಡಬ್ಬಿ) ಹೋಗುವ ವ್ಯಾಕ್ಯೂಮ್ ಹೋಸ್, ಇವನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ರಬ್ಬರ್ ಹೊರಗೆ ಮಿರಮಿರ ಅಂತಿದ್ದರೂ ಒಳಗೆ ಪದರ ಬಿಟ್ಟಿರುತ್ತದೆ. ವ್ಯಾಕ್ಯೂಮ್ ಹೋಸ್ ಜಾಗಕ್ಕೆ ಸಾದಾ ನೀರಿನ ಪೈಪ್ ಹಾಕಿದ ಗಾಡಿ ನಾನೇ ನೋಡಿದ್ದೇನೆ. ಎಳೆತಕ್ಕೆ ಆ ಪೈಪ್ ಚಪ್ಪಟೆಯಾಗುತ್ತದೆ, ಪೆಡಲ್ ಕಲ್ಲಾಗುತ್ತದೆ. ಹಿಂದೆ ತರಕಾರಿ ಲೋಡ್ ಇರುವಾಗ ಹಾಗಾದರೆ ಏನು ಗತಿ? ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಹೋಸ್ ಕೂಡ ಹೊಸದೇ ಇರಲಿ. ಅಲ್ಲಿ ಸಣ್ಣ ಸೀಳಿದ್ದರೂ ಧೂಳು ನೇರ ಒಳಗೆ ಹೋಗಿ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಎರಡನ್ನೂ ತಿನ್ನುತ್ತದೆ. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಎಂಜಿನ್ ಕೆಲಸಕ್ಕೆ ಹೋಗುತ್ತದೆ.

ಕೂಲಂಟ್ ಬಾಟಲಿಗೆ ಗುಜರಿಯ ಕಾರಿನ ಬಾಟಲಿ ಆಗುತ್ತದೆ. ಆದರೆ ಮೊದಲು ನಿಮ್ಮ ಗಾಡಿ ನೋಡಿ. ರೇಡಿಯೇಟರ್ ಮೇಲೇ ಪ್ರೆಷರ್ ಕ್ಯಾಪ್ ಇದ್ದು, ಉಕ್ಕಿದ ನೀರು ಮಾತ್ರ ಬಾಟಲಿಗೆ ಬರುವ ಹಾಗಿದ್ದರೆ ಸಾದಾ ಬಾಟಲಿ ಸಾಕು. ಅದರೊಳಗಿನ ಪೈಪ್ ತಳದವರೆಗೆ ಮುಟ್ಟಬೇಕು. ಎಂಜಿನ್ ತಣ್ಣಗಾಗುವಾಗ ರೇಡಿಯೇಟರ್ ಆ ನೀರನ್ನು ವಾಪಸ್ ಎಳೆಯುತ್ತದೆ. ಪೈಪ್ ಮೇಲಿದ್ದರೆ ನೀರಿನ ಬದಲು ಗಾಳಿ ಹೋಗುತ್ತದೆ. ನೀವು ಕಟ್ಟಿರುವ ನೀರಿನ ಬಾಟಲಿಯಲ್ಲಿ ಹೀಗೇ ಆಗುತ್ತಿದೆಯಾ, ನೋಡಿ. ರೇಡಿಯೇಟರಿನ ಪ್ರೆಷರ್ ಕ್ಯಾಪ್ ಮಾತ್ರ ಹೊಸದು ತೆಗೆದುಕೊಳ್ಳಿ.

ನಿಮ್ಮ ಹೆಚ್ಚಿನ ಕೆಲಸ ಇರುವುದು ವೈರಿಂಗಿನಲ್ಲಿ. ಗುಜರಿಯಲ್ಲಿ ಕನೆಕ್ಟರ್ ಸಿಕ್ಕರೆ ಅದನ್ನಷ್ಟೇ ಕಿತ್ತು ತರಬೇಡಿ. ಒಂದು ಗೇಣು ವೈರ್ ಸಮೇತ ನೀವೇ ಕತ್ತರಿಸಿ ತನ್ನಿ. ತುದಿಯಲ್ಲಿ ಅರ್ಧ ಇಂಚು ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆದರೆ ತೆಗೆದುಕೊಳ್ಳಿ. ಕಪ್ಪಾಗಿದ್ದರೆ, ಹಸಿರು ಹಿಡಿದಿದ್ದರೆ ಅಲ್ಲೇ ಬಿಡಿ. ಅದಕ್ಕೆ ಬೆಸುಗೆ ಸರಿಯಾಗಿ ಕೂರುವುದಿಲ್ಲ, ಕರೆಂಟೂ ಸರಿಯಾಗಿ ಹರಿಯುವುದಿಲ್ಲ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಕೊಳ್ಳುವಾಗ ಮೇಲೆ ಬರೆದಿರುವ ವೋಲ್ಟ್ ಓದಿ. ನಿಮ್ಮ 407ರದು 12 ವೋಲ್ಟ್. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. ಆ ರಿಲೇ ನಿಮ್ಮ ಗಾಡಿಗೆ ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲೇ 85, 86 ನಂಬರಿನ ಕಾಲಿಗೆ 12 ವೋಲ್ಟ್ ಬ್ಯಾಟರಿ ಮುಟ್ಟಿಸಿ. ಟಕ್ ಅನ್ನಬೇಕು, 30 ಮತ್ತು 87 ಒಂದಾಗಬೇಕು. ಆದರೆ ದೊಡ್ಡ ಲಾರಿಯ ದಪ್ಪ ಬ್ಯಾಟರಿ ಕೇಬಲ್ ಸಿಕ್ಕರೆ ಬಿಡಬೇಡಿ. ಅದನ್ನು ಅಳತೆಗೆ ಕತ್ತರಿಸಿ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ತುದಿ) ಒತ್ತಿಸಿದರೆ ಒಳ್ಳೆ ಅರ್ಥ್ ಕೇಬಲ್ ಆಗುತ್ತದೆ.

ಅರ್ಥ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಎಂಜಿನ್ನಿಗೂ ಚಾಸಿಗೂ ನಡುವೆ ಅರ್ಥ್ ಪಟ್ಟಿ ಸರಿಯಿಲ್ಲದಿದ್ದರೆ, ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ಲಿನಂಥ ದಾರಿ ಹುಡುಕಿಕೊಂಡು ಹೋಗುತ್ತದೆ. ಕೇಬಲ್ ಸುಟ್ಟು ಹಿಡಿದುಕೊಳ್ಳುತ್ತದೆ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ಸರಿಯಿಲ್ಲ. ಪೇಂಟ್ ಕೆರೆದು, ಬರೀ ಕಬ್ಬಿಣಕ್ಕೆ ಬೋಲ್ಟ್ ಬಿಗಿಯಿರಿ.

ಜೋತು ಬಿದ್ದ ವೈರ್‌ಗಳನ್ನು ಒಟ್ಟು ಮಾಡಿ ಸುಮ್ನೆ ಟೇಪ್ ಸುತ್ತಬೇಡಿ. ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸುಕ್ಕು ಸ್ಲೀವ್ (ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ) ಒಳಗೆ ಹಾಕಿ, ಗೇಣಿಗೊಂದು ಕ್ಲಿಪ್ ಕೊಡಿ. ಸೈಲೆನ್ಸರ್ ಮ್ಯಾನಿಫೋಲ್ಡ್ ಕಡೆಯಿಂದ ದೂರ ಒಯ್ಯಿರಿ. ಹಾರ್ನ್, ಹೆಚ್ಚುವರಿ ಲೈಟ್ ಅಂತ ಬ್ಯಾಟರಿಯಿಂದ ನೇರ ಎಳೆದ ವೈರ್ ಇದ್ದರೆ ಬ್ಯಾಟರಿ ಪಕ್ಕದಲ್ಲೇ ಅದಕ್ಕೊಂದು ಫ್ಯೂಸ್ ಹಾಕಿ. ಫ್ಯೂಸ್ ಲೈಟಿನ ಹತ್ತಿರ ಇದ್ದರೆ ನಡುವೆ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಕಾಯುವುದಿಲ್ಲ. ಬೆಂಕಿ ಹತ್ತುವುದು ಹೀಗೆಯೇ. ಬ್ಯಾಟರಿಗೆ ಬಿಗಿದ ಆ ಟ್ಯೂಬ್ ಪಟ್ಟಿಯನ್ನು ಇವತ್ತೇ ತೆಗೆದು ಕಬ್ಬಿಣದ ಕ್ಲ್ಯಾಂಪ್ ಹಾಕಿ, ಪಾಸಿಟಿವ್ ಮೇಲೆ ರಬ್ಬರ್ ಟೋಪಿ ಇರಲಿ.

ಗುಜರಿಯವರ ಹತ್ತಿರ ಬಿಲ್ ಕೇಳಿ. ನಂಬರ್ ಉಜ್ಜಿದ ಸಾಮಾನು ಬೇಡ, ಕದ್ದ ಗಾಡಿಯದ್ದಿರಬಹುದು. ಪೇಂಟ್ ಹೊಡೆಯುವಾಗ ಎಂಜಿನ್ ನಂಬರ್ ಮೇಲೆ ಟೇಪ್ ಅಂಟಿಸಿಕೊಳ್ಳಿ. ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್) ಹೋದಾಗ ಆ ನಂಬರ್ ಓದಲು ಬರಬೇಕು, ಆರ್‌ಸಿ ಜೊತೆ ತಾಳೆಯಾಗಬೇಕು.