ಇಂಗ್ಲಿಷಿನ ‘ಗೆಟ್’ ಕ್ರಿಯಾಪದಕ್ಕೆ ಇಷ್ಟೊಂದು ಅರ್ಥಗಳು ಏಕೆ?

‘ಗೆಟ್’ ಎಂಬುದರ ಮೂಲ ಅರ್ಥ ‘ಪಡೆಯುವುದು’ ಎಂದೇ ಆಗಿದ್ದರೂ, ಬಳಕೆಯಲ್ಲಿ ಅದು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಆಗುವ ಬದಲಾವಣೆಯನ್ನು ಸೂಚಿಸುತ್ತದೆ. ನಿಘಂಟುಗಳು ಕೊಡುವ ಹತ್ತಾರು ಅರ್ಥಗಳಲ್ಲಿ ಹೆಚ್ಚಿನವು ಈ ಒಂದೇ ಎಳೆಯಿಂದ ಹೊರಟಂಥವು.

ಪತ್ರ ಕೈಸೇರಿದಾಗ ‘ಐ ಗಾಟ್ ಎ ಲೆಟರ್’, ಮನೆ ತಲುಪಿದಾಗ ‘ವಿ ಗಾಟ್ ಹೋಮ್’, ವಿಷಯ ತಿಳಿದಾಗ ‘ಐ ಗೆಟ್ ಇಟ್’ ಎನ್ನುತ್ತಾರೆ. ಮೂರರಲ್ಲೂ ಮೊದಲು ಇಲ್ಲದಿದ್ದುದು ಈಗ ಒದಗಿದೆ. ಮುಂದೆ ಗುಣವಾಚಕ ಬಂದರೆ ಇದು ನಮ್ಮ ‘ಆಗು’ ಕ್ರಿಯಾಪದಕ್ಕೆ ಬಹಳ ಹತ್ತಿರವಾಗುತ್ತದೆ: ‘ಹಿ ವಾಸ್ ಆಂಗ್ರಿ’ ಎಂದರೆ ಅವನು ಕೋಪದಲ್ಲಿದ್ದ, ‘ಹಿ ಗಾಟ್ ಆಂಗ್ರಿ’ ಎಂದರೆ ಅವನಿಗೆ ಕೋಪ ಬಂತು. ಮೊದಲನೆಯದು ಇರುವಿಕೆ, ಎರಡನೆಯದು ಆಗುವಿಕೆ. ಕಲಿಯುವವರು ಮೊದಲು ಹಿಡಿಯಬೇಕಾದ ವ್ಯತ್ಯಾಸ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬದಲಾವಣೆಯನ್ನು ಇನ್ನೊಬ್ಬರ ಮೂಲಕ ತಂದರೂ ‘ಗೆಟ್’ ಸಲ್ಲುತ್ತದೆ. ಕನ್ನಡದಲ್ಲಿ ‘ಇಸು’ ಪ್ರತ್ಯಯ ಮಾಡುವ ಪ್ರೇರಣಾರ್ಥಕ ಕೆಲಸವನ್ನು, ಅಂದರೆ ‘ಮಾಡು’ ಎಂಬುದನ್ನು ‘ಮಾಡಿಸು’ ಎಂದಾಗಿಸುವ ಕೆಲಸವನ್ನು, ಅಲ್ಲಿ ಇದು ನಿರ್ವಹಿಸುತ್ತದೆ. ‘ಐ ಗಾಟ್ ದ ವಾಚ್ ರಿಪೇರ್ಡ್’ ಎಂದರೆ ಗಡಿಯಾರವನ್ನು ರಿಪೇರಿ ಮಾಡಿಸಿದೆ. ‘ಐ ಗಾಟ್ ಹಿಮ್ ಟು ಸೈನ್’ ಎಂದರೆ ಅವನಿಂದ ಸಹಿ ಹಾಕಿಸಿದೆ. ಎರಡನೆಯ ವಾಕ್ಯದಲ್ಲಿ ‘ಟು’ ಬಿಟ್ಟರೆ ತಪ್ಪಾಗುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಅಮೆರಿಕನ್ ಇಂಗ್ಲಿಷಿನಲ್ಲಿ ‘ಹ್ಯಾವ್ ಗಾಟ್’ ಎಂದರೆ ಹೊಂದಿರುವುದು, ‘ಹ್ಯಾವ್ ಗಾಟನ್’ ಎಂದರೆ ಪಡೆದಿರುವುದು ಅಥವಾ ಆಗಿರುವುದು. ಔಪಚಾರಿಕ ಬರವಣಿಗೆಯಲ್ಲಿ ಮಾತ್ರ ‘ಗೆಟ್’ ಬದಲಿಗೆ ಸಂದರ್ಭಕ್ಕೆ ತಕ್ಕಂತೆ ‘ರಿಸೀವ್’, ‘ಬಿಕಮ್’ ಮುಂತಾದವನ್ನು ಬಳಸುವುದು ಉಚಿತ.