ಮುಂದಿರುವ ನೌಕೆಯನ್ನು ಹಿಡಿಯಲು ಬ್ರೇಕ್ ಹಾಕಬೇಕೇ?

ಶನಿವಾರ ರಾತ್ರಿ ಊಟವಾದ ಮೇಲೆ ನಾನೂ ನಾಲ್ಕು ಜನರ ಜೊತೆ ಆನ್‌ಲೈನ್‌ನಲ್ಲಿ ಬಾಹ್ಯಾಕಾಶ ಗೇಮ್ ಆಡುತ್ತೇನೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಈ ತಿಂಗಳ ಕಾಗದಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದುಕೊಂಡು ಬಂದಿವೆ. ಹಾಸನದಲ್ಲಿ ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟ ನನಗೆ ಇದಕ್ಕಿಂತ ಸಂತೋಷ ಏನಿದೆ? ನಮ್ಮ ತಂಡದಲ್ಲಿ ಬೇಲೂರಿನ ಒಬ್ಬ ಬಿ.ಎಸ್ಸಿ. ಹುಡುಗ, ಶಿರಸಿಯ ಒಬ್ಬ ನರ್ಸ್, ತುಮಕೂರಿನಲ್ಲಿ ಲಾರಿ ಬುಕಿಂಗ್ ನೋಡಿಕೊಳ್ಳುವ ಒಬ್ಬರು, ಮೈಸೂರಿನಲ್ಲಿರುವ ನನ್ನ ಅಣ್ಣನ ಮಗ ಇದ್ದಾರೆ. ವಾದ ಎದ್ದರೆ ಒಂದೇ ಕಟ್ಟಳೆ: ಲೆಕ್ಕ ಬರೆದು ತೋರಿಸಬೇಕು. ಆ ಲೆಕ್ಕಗಳೆಲ್ಲ ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿವೆ. ಕೆಳಗಿನ ಉತ್ತರಗಳಲ್ಲಿ ಕೆಲವನ್ನು ಅಲ್ಲಿಂದಲೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾವು ನಾಲ್ವರು ವಾಯ್ಸ್ ಚಾಟ್ ಹಾಕಿಕೊಂಡು ಆಡುತ್ತೇವೆ. ಒಂದೇ ಕಕ್ಷೆಯಲ್ಲಿ ಎದುರಾಳಿಯ ನೌಕೆ ನನಗಿಂತ 50 ಕಿ.ಮೀ. ಮುಂದಿತ್ತು. ಎಂಜಿನ್ ಹೊತ್ತಿಸಿ ಅದರ ಕಡೆ ನುಗ್ಗಿದೆ. ಮೊದಲು ಹತ್ತಿರ ಬಂದ ಹಾಗಾಗಿ ಆಮೇಲೆ ಇನ್ನೂ ದೂರವಾಯಿತು. ಚಾಟ್‌ನಲ್ಲಿದ್ದ ಒಬ್ಬರು ‘ಬ್ರೇಕ್ ಹಾಕು, ಸಿಗುತ್ತದೆ’ ಎಂದರು. ಎಲ್ಲರೂ ನಕ್ಕುಬಿಟ್ಟರು. ಅವರು ಹೇಳಿದ್ದು ಸರಿಯೇ?
— ಡಿಪ್ಲೊಮಾ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಪೂರ್ತಿ ಸರಿ. ನಕ್ಕವರಿಗೆ ಈ ಪುಟ ಓದಿ ಹೇಳು.

ಬೆಂಗಳೂರು ರಸ್ತೆಯಲ್ಲಿ ಮುಂದಿನ ಬಸ್ಸನ್ನು ಹಿಡಿಯಲು ಆಕ್ಸಿಲರೇಟರ್ ಒತ್ತಿದರೆ ಸಾಕು, ಏಕೆಂದರೆ ರಸ್ತೆ ಇದ್ದಲ್ಲೇ ಇರುತ್ತದೆ. ಕಕ್ಷೆಯಲ್ಲಿ ಹಾಗಲ್ಲ, ನಿನ್ನ ವೇಗವೇ ನಿನ್ನ ರಸ್ತೆಯನ್ನು ತೀರ್ಮಾನಿಸುತ್ತದೆ. ವೇಗ ಹೆಚ್ಚಿಸಿದೆಯೋ, ರಸ್ತೆ ಮೇಲಕ್ಕೆ ಉಬ್ಬಿ ಉದ್ದವಾಗುತ್ತದೆ. ಎತ್ತರಕ್ಕೆ ಏರಿದ ನೌಕೆ ಅಲ್ಲಿ ನಿಧಾನವಾಗುತ್ತದೆ. ಒಂದು ಸುತ್ತು ಮುಗಿಸಲು ಹೆಚ್ಚು ಹೊತ್ತು ತೆಗೆದುಕೊಂಡು ಹಿಂದೆ ಬೀಳುತ್ತದೆ. ನೀನು ಕಂಡದ್ದು ಅದನ್ನೇ.

ಈಗ ಲೆಕ್ಕ. ಭೂಮಿಯಿಂದ 400 ಕಿ.ಮೀ. ಎತ್ತರದ ಕಕ್ಷೆಯಲ್ಲಿ ನೌಕೆಯ ವೇಗ ಸೆಕೆಂಡಿಗೆ 7.67 ಕಿ.ಮೀ., ಒಂದು ಸುತ್ತಿಗೆ ಸುಮಾರು 92 ನಿಮಿಷ. ಅದಕ್ಕಿಂತ 10 ಕಿ.ಮೀ. ಕೆಳಗೆ ಇನ್ನೊಂದು ನೌಕೆ ಇದೆ ಎಂದುಕೊ. ಅದರ ಸುತ್ತಳತೆ ಸುಮಾರು 63 ಕಿ.ಮೀ. ಕಡಿಮೆ. ವೇಗವೂ ಸೆಕೆಂಡಿಗೆ ಐದೂವರೆ ಮೀಟರಿನಷ್ಟು ಹೆಚ್ಚು, ಇದು ಒಂದು ಸುತ್ತಿನಲ್ಲಿ ಇನ್ನೊಂದು 31 ಕಿ.ಮೀ. ಆಗುತ್ತದೆ. ಎರಡೂ ಕೂಡಿದರೆ ಕೆಳಗಿನ ನೌಕೆ ಒಂದೇ ಸುತ್ತಿಗೆ 94 ಕಿ.ಮೀ. ಮುಂದೆ ಹೋಗುತ್ತದೆ. ನೀನು ದಾಟಬೇಕಾದದ್ದು 50. ಹಾಗಾಗಿ ವೇಗವನ್ನು ಸೆಕೆಂಡಿಗೆ 3 ಮೀಟರ್ ಮಾತ್ರ ತಗ್ಗಿಸು. ಅಷ್ಟು ವೇಗ ಸೈಕಲ್ಲಿಗೂ ಇರುತ್ತದೆ! ನಿನ್ನ ಕಕ್ಷೆ ಆಚೆ ಬದಿಯಲ್ಲಿ ಸ್ವಲ್ಪ ಕೆಳಗಿಳಿದು, ಒಂದು ಸುತ್ತು ಮುಗಿಸಿ ಹೊರಟ ಜಾಗಕ್ಕೆ ಬರುವಾಗ ಆರೂವರೆ ಸೆಕೆಂಡು ಮೊದಲೇ ಬಂದಿರುತ್ತೀಯ. ಎದುರಾಳಿಯೂ ಆ ಹೊತ್ತಿಗೆ ಅಲ್ಲಿರುತ್ತಾನೆ. ಆಗ ಅದೇ 3 ಮೀಟರನ್ನು ಮುಂದಕ್ಕೆ ಕೊಟ್ಟರೆ ಜೋಡಿಯಾಗಿ ಸಾಗುತ್ತೀಯ.

ಈ ಲೆಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸಂಗತಿ ಇದೆ. ಎಷ್ಟು ಕೆಳಗಿಳಿಯುತ್ತೀಯೋ ಅದರ ಸುಮಾರು 9.4 ಪಟ್ಟು ಒಂದು ಸುತ್ತಿಗೆ ಮುಂದೆ ಹೋಗುತ್ತೀಯ. ಈ 9.4 ಎಂಬುದು ಪೈನ ಮೂರರಷ್ಟು. ಅದರಲ್ಲಿ ಗ್ರಹದ ತೂಕವಿಲ್ಲ, ಎತ್ತರವಿಲ್ಲ. ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಗೇಮಿನಲ್ಲಿ ಆಟ ಶುರುವಾಗುವ ಪುಟ್ಟ ಗ್ರಹದ ತ್ರಿಜ್ಯ ಬರೀ 600 ಕಿ.ಮೀ., ಅಲ್ಲಿಗೂ ಅದೇ ಸಂಖ್ಯೆ. ನಮ್ಮ ನೆತ್ತಿಯ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳಿಗೂ, ಅಂದರೆ ಭೂಮಿಯ ಜೊತೆಗೇ ತಿರುಗುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವವುಗಳಿಗೂ, ಅದೇ. ಇದನ್ನು ಪೆನ್ನು ಹಿಡಿದು ಹೊರಡಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಊರಿನ ಎಂಸಿಎಫ್, ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, 1982ರಿಂದ ಇಂಥ ಉಪಗ್ರಹಗಳನ್ನು ಕಾಯುತ್ತಿದೆ. ಭೂಸ್ಥಿರ ಉಪಗ್ರಹವನ್ನು ಪೂರ್ವಕ್ಕೆ, ಅಂದರೆ ಅದು ಹೋಗುವ ದಿಕ್ಕಿನಲ್ಲೇ ಮುಂದಕ್ಕೆ ಸರಿಸಬೇಕಾದರೆ ಕಕ್ಷೆಯನ್ನು ಕೆಳಗಿಳಿಸಬೇಕು. 78 ಕಿ.ಮೀ. ಇಳಿಸಿದರೆ ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಜರುಗುತ್ತದೆ. ಪಶ್ಚಿಮಕ್ಕಾದರೆ ಏರಿಸಬೇಕು. ಸಾಲಗಾಮೆ ರಸ್ತೆಯಲ್ಲಿ ಓಡಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಿನ್ನ ಹಾಗೆ ಎಡವಿದವರು ಸಾಮಾನ್ಯರಲ್ಲ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಗಗನಯಾತ್ರಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು ನೇರ ಅದರ ಕಡೆಗೆ ಎಂಜಿನ್ ಉರಿಸಿದರು. ಅದು ದೂರ ಸರಿಯುತ್ತಲೇ ಹೋಯಿತು. ಇಂಧನ ಅರ್ಧದಷ್ಟು ಕರಗಿದಾಗ ಪ್ರಯತ್ನ ಕೈಬಿಟ್ಟರು. ಅದೇ ಡಿಸೆಂಬರ್ 15ರಂದು ಜೆಮಿನಿ 6ಎ ನೌಕೆ ಲೆಕ್ಕ ಹಿಡಿದು ಹೊರಟು ಜೆಮಿನಿ 7ರ ಪಕ್ಕಕ್ಕೆ ಒಂದು ಅಡಿಯಷ್ಟು ಹತ್ತಿರ ಹೋಗಿ ನಿಂತಿತು. ನಮ್ಮ ಇಸ್ರೋದ ಎರಡು ಸ್ಪೇಡೆಕ್ಸ್ ಉಪಗ್ರಹಗಳು 2024ರ ಡಿಸೆಂಬರ್ 30ರಂದು ಹಾರಿ 2025ರ ಜನವರಿ 16ರಂದು ಒಂದಕ್ಕೊಂದು ಕೂಡಿಕೊಂಡವು. ಒಂದೊಂದರ ತೂಕ ಸುಮಾರು 220 ಕೆ.ಜಿ. ಆ ಬೆಳಗ್ಗೆ ನಮ್ಮ ತಂಡದ ಗುಂಪಿನಲ್ಲಿ ಶಿರಸಿಯ ನರ್ಸ್ ಹಾಕಿದ ಮೆಸೇಜು ಇಷ್ಟೇ: ‘ಮೇಡಂ, ಅವ್ರೂ ನಮ್ಮ ಲೆಕ್ಕವೇ ಹಾಕಿದ್ರು.’

ಪ್ರಶ್ನೆ: ನಮ್ಮೂರಲ್ಲಿ ಕೇಬಲ್ ಇಲ್ಲ. ಭೂಸ್ಥಿರ ಉಪಗ್ರಹದ ಇಂಟರ್‌ನೆಟ್ ಹಾಕಿಸಿಕೊಂಡರೆ ಗೇಮಿಗೆ ಪಿಂಗ್ (ಕ್ಲಿಕ್ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 600 ಮಿಲಿಸೆಕೆಂಡಿನ ಮೇಲೆ ಇರುತ್ತದೆ, ದುಡ್ಡು ದಂಡ ಎಂದು ಜೊತೆಗೆ ಆಡುವವರು ಹೇಳುತ್ತಾರೆ. ಒಳ್ಳೆಯ ಮೋಡೆಮ್ ಹಾಕಿದರೆ ಸರಿಹೋಗದೇ?
— ಕೃಷಿಕ, ಆಲೂರು ತಾಲೂಕು

ಉತ್ತರ: ಹೋಗುವುದಿಲ್ಲ. ಅಡ್ಡ ಬರುವುದು ಬೆಳಕಿನ ವೇಗ. ನೆಲದಿಂದ ಉಪಗ್ರಹಕ್ಕೆ 35,786 ಕಿ.ಮೀ., ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ನಿಮ್ಮ ಒಂದು ಕ್ಲಿಕ್ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಹಾಗೆಯೇ ಮೇಲೆ ಹೋಗಿ ಇಳಿಯಬೇಕು. ನಾಲ್ಕು ಪಯಣಕ್ಕೆ 480 ಮಿಲಿಸೆಕೆಂಡು ಹಾದಿಯಲ್ಲೇ ಹೋಯಿತು. ಸುಮಾರು 550 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಮೂಲಕವಾದರೆ ಅದೇ ನಾಲ್ಕು ಪಯಣಕ್ಕೆ ಏಳೆಂಟು ಮಿಲಿಸೆಕೆಂಡು ಸಾಕು. ಸರದಿಯ ಮೇಲೆ ಆಡುವ ತಂತ್ರದ ಗೇಮ್‌ಗಳಿಗೆ ಅರ್ಧ ಸೆಕೆಂಡಿನಿಂದ ನಷ್ಟವೇನೂ ಇಲ್ಲ, ಅಂಥದ್ದನ್ನು ನೀವು ಧಾರಾಳವಾಗಿ ಆಡಬಹುದು.

ನಿಮ್ಮ ಪ್ರಶ್ನೆ ನನ್ನನ್ನು ಇನ್ನೊಂದು ಕಡೆಗೆ ಎಳೆಯಿತು. ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ಗೇಮ್‌ಗಳಲ್ಲಿ ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿಯ ಆಚೆ ತುದಿಗೂ ಅಪ್ಪಣೆ ಆ ಕ್ಷಣವೇ ತಲುಪುತ್ತದೆ. ಚಂದ್ರನಿಗೇ ಒಂದೂಕಾಲು ಸೆಕೆಂಡು ಬೇಕು. ಮಂಗಳಕ್ಕೆ ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22. ಮಂಗಳಯಾನ 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಕಕ್ಷೆ ಸೇರುವಾಗ ಸಂಕೇತ ಇಲ್ಲಿಗೆ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಅಪ್ಪಣೆಗಳನ್ನೆಲ್ಲ ಮೊದಲೇ ಕಳುಹಿಸಿಟ್ಟಿದ್ದರು, ಎಂಜಿನ್ ಸುಮಾರು 24 ನಿಮಿಷ ತಾನಾಗಿ ಉರಿಯಿತು. ಕಾಲೇಜಿನ ಲ್ಯಾಬಿನಲ್ಲಿ ಟಿವಿ ಮುಂದೆ ಮಕ್ಕಳ ಜೊತೆ ಕೂತಿದ್ದ ನನಗೆ ಆ ಕಾಯುವಿಕೆ ಇವತ್ತಿಗೂ ಮೈಯಲ್ಲಿದೆ. ಆಗುವುದು ಅಲ್ಲಿ ಆಗಿಹೋಗಿದೆ, ನಮಗೆ ಮಾತ್ರ ಗೊತ್ತಿಲ್ಲ.

ಅದನ್ನು ಗೇಮಿನೊಳಗೆ ತರಬೇಕೆಂದು ನಮ್ಮ ತಂಡದಲ್ಲಿ ಹೋದ ಮಳೆಗಾಲ ‘ಕಾಗದದ ನಿಯಮ’ ಮಾಡಿದೆವು. ವಾಯ್ಸ್ ಚಾಟ್ ಬಂದ್. ಜೊತೆಯವರಿಗೆ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಫೋಟೊ ಕಳುಹಿಸಬೇಕು, ಅವರು ಅದನ್ನು ಮೂರು ಸರದಿ ಕಳೆದ ಮೇಲೆ ತೆರೆಯಬೇಕು. ಮೊದಲ ವಾರವೇ ಬೇಲೂರಿನ ಹುಡುಗ ನನ್ನ ಚೀಟಿ ನಂಬಿ ಒಂದು ಗ್ರಹವನ್ನು ಕಾಯಲು ಹನ್ನೆರಡು ನೌಕೆ ಕಳುಹಿಸಿದ. ಅವು ತಲುಪುವ ಹೊತ್ತಿಗೆ ಆ ಗ್ರಹ ಕೈಬಿಟ್ಟು ಎರಡು ಸರದಿಯಾಗಿತ್ತು. ಎರಡನೇ ವಾರದಿಂದ ನಮ್ಮ ಚೀಟಿಗಳ ಭಾಷೆಯೇ ಬದಲಾಯಿತು. ‘ಅಲ್ಲಿಗೆ ಹೋಗು’ ಎಂದು ಬರೆಯುವುದು ಬಿಟ್ಟೆವು. ‘ಶತ್ರು ಉತ್ತರದಿಂದ ಬಂದರೆ ಹೀಗೆ, ಬರದಿದ್ದರೆ ಹಾಗೆ, ಎರಡೂ ಅಲ್ಲದಿದ್ದರೆ ನಿನ್ನ ಬುದ್ಧಿಗೆ ಬಿಟ್ಟಿದ್ದು’ ಎಂದು ಬರೆಯತೊಡಗಿದೆವು. ದೂರದ ನೌಕೆಗೆ ಪ್ರೋಗ್ರಾಮ್ ಬರೆಯುವುದೂ ಹೀಗೆಯೇ. ಯಾರೂ ಪಾಠ ಮಾಡಲಿಲ್ಲ, ಮೂರು ಸರದಿಯ ತಡವೇ ಕಲಿಸಿತು. ನಿಮ್ಮ ಜೊತೆಗಾರರಿಗೆ ಹೇಳಿ ನೋಡಿ, ಇದಕ್ಕೆ ಪಿಂಗ್ ಎಷ್ಟಿದ್ದರೂ ಬಾಧೆಯಿಲ್ಲ.

ಪ್ರಶ್ನೆ: ಎಂಜಿನ್ ಆರಿಸಿ, ದೀಪ ಆರಿಸಿ ಕತ್ತಲಲ್ಲಿ ಕೂತರೆ ನಮ್ಮ ನೌಕೆ ಶತ್ರುವಿಗೆ ಕಾಣದು ಎಂದು ಗೇಮ್ ಹೇಳುತ್ತದೆ. ನಿಜವಾದ ಬಾಹ್ಯಾಕಾಶದಲ್ಲಿ ಹಾಗೆ ಅಡಗಬಹುದೇ?
— ಕಾಫಿ ತೋಟದ ರೈಟರ್, ಸಕಲೇಶಪುರ

ಉತ್ತರ: ನಿಮ್ಮ ಕಡೆ ರಾತ್ರಿ ತೋಟದಲ್ಲಿ ನಿಂತ ಆನೆಯನ್ನು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದವರಿದ್ದರೆ ಕೇಳಿ. ದೀಪವಿಲ್ಲ, ಸದ್ದಿಲ್ಲ, ಆದರೂ ಮೈಯ ಬಿಸಿಯಿಂದ ಆನೆ ಬೆಳ್ಳಗೆ ಎದ್ದು ಕಾಣುತ್ತದೆ. ನೌಕೆಯ ಪಾಡೂ ಅದೇ. ಒಳಗೆ ಮನುಷ್ಯರು ಬದುಕಿರಬೇಕಾದರೆ ಬೆಚ್ಚಗಿರಬೇಕು, ಸುಮಾರು 27 ಡಿಗ್ರಿ ಎಂದುಕೊಳ್ಳಿ. ಹೊರಮೈಯೂ ಅಷ್ಟೇ ಬೆಚ್ಚಗಿದ್ದರೆ ಪ್ರತಿ ಚದರ ಮೀಟರಿನಿಂದ 460 ವ್ಯಾಟಿನಷ್ಟು ಅವಕೆಂಪು ಕಿರಣ ಹೊರಡುತ್ತದೆ. ಹಿಂದಿನ ಆಕಾಶವೋ ಸೊನ್ನೆಗಿಂತ 270 ಡಿಗ್ರಿ ಕೆಳಗೆ. ಗಾಳಿಯಿಲ್ಲದ ಜಾಗದಲ್ಲಿ ಶಾಖ ಬಿಡಲು ಬೇರೆ ದಾರಿಯೂ ಇಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೋನಿಯಾ ಹರಿಸಿ, ದೊಡ್ಡ ಬಿಳಿ ಹಲಗೆಗಳ ಮೂಲಕ ಶಾಖವನ್ನು ಹೊರಗೆ ಚೆಲ್ಲುತ್ತಾರೆ. ಬಿಸಿಯನ್ನು ಒಳಗೇ ತಡೆದಿಟ್ಟರೆ ನೌಕೆಯ ಜನ ಬೆಂದುಹೋಗುತ್ತಾರೆ.

ಹಾಗೆಂದು ಎಲ್ಲ ದಾರಿ ಮುಚ್ಚಿಲ್ಲ. ಗ್ರಹದ ಹಿಂದೆ ನಿಲ್ಲಬಹುದು. ಇಲ್ಲವೇ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರಬಹುದು. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಸುಮಾರು 20 ಮೀಟರಿನ ಬಂಡೆ ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಮೊದಲೇ ಯಾರ ಕಣ್ಣಿಗೂ ಬೀಳಲಿಲ್ಲ.

ಪ್ರಶ್ನೆ: ಮಗ ಹತ್ತನೇ ತರಗತಿ. ರಾತ್ರಿ ಹನ್ನೊಂದರವರೆಗೆ ಗುರುತಿಲ್ಲದವರ ಜೊತೆ ಈ ಗೇಮ್ ಆಡುತ್ತಾ ನಕ್ಷತ್ರ, ಕಪ್ಪುಕುಳಿ ಎಂದು ಮಾತಾಡುತ್ತಿರುತ್ತಾನೆ. ಗಣಿತದಲ್ಲಿ ಅಂಕ ಕಡಿಮೆ. ವಿಜ್ಞಾನ ಕಲಿಯುತ್ತಿದ್ದೇನೆ ಅಮ್ಮ ಎನ್ನುತ್ತಾನೆ. ನಿಲ್ಲಿಸಿಬಿಡಲೇ?
— ತಾಯಿ, ಮೂಡಿಗೆರೆ

ಉತ್ತರ: ಹನ್ನೊಂದು ಗಂಟೆ ಖಂಡಿತ ಹೆಚ್ಚಾಯಿತು. ಒಂಬತ್ತೂವರೆಗೆ ನಿಲ್ಲಲಿ, ಅದರಲ್ಲಿ ರಾಜಿ ಬೇಡ. ಆದರೆ ಪೂರ್ತಿ ಕಿತ್ತುಕೊಳ್ಳಬೇಡಿ ಅಮ್ಮ. ಮೊದಲು ಒಂದು ಸಂಜೆ ಅವನ ಪಕ್ಕದಲ್ಲಿ ಕೂತು ಕೇಳಿ: ‘ಈ ನೌಕೆ ಭೂಮಿಗೆ ಯಾಕೆ ಬೀಳಲ್ಲ?’ ಅವನು ಬೀಳುತ್ತಲೇ ಇದೆ, ಪಕ್ಕಕ್ಕೆ ಅಷ್ಟು ವೇಗವಾಗಿ ಹೋಗುತ್ತಿರುವುದರಿಂದ ನೆಲ ಸಿಗುತ್ತಿಲ್ಲ ಎಂಬರ್ಥದ ಮಾತು ಹೇಳಿದರೆ ನಿಜವಾಗಿಯೂ ಕಲಿಯುತ್ತಿದ್ದಾನೆ. ‘ಅಲ್ಲಿ ಗುರುತ್ವ ಇಲ್ಲ’ ಎಂದರೆ ಪದಗಳನ್ನಷ್ಟೇ ಹೆಕ್ಕಿಕೊಂಡಿದ್ದಾನೆ. 400 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದ ಮೇಲಿನದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಮಾತ್ರ ಕಡಿಮೆ.

ಗೇಮ್ ತಾನಾಗಿ ಗಣಿತ ಕಲಿಸುವುದಿಲ್ಲ, ಗಣಿತಕ್ಕೆ ಒಂದು ಕಾರಣ ಕೊಡುತ್ತದೆ. ನಮ್ಮ ಬೇಲೂರಿನ ಹುಡುಗ ವರ್ಗಮೂಲ ಕಂಡರೆ ದೂರ ಓಡುತ್ತಿದ್ದ. ಕಕ್ಷೆಯ ವೇಗ ತೆಗೆಯಲು ವರ್ಗಮೂಲ ಬೇಕೇ ಬೇಕು ಎಂದಾಗ ಒಂದು ಶನಿವಾರವೆಲ್ಲ ಕೂತು ಕಲಿತ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಲವು ಯುವಕರು ಪಿಡಿಪಿ-1 ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಗೇಮ್ ಬರೆದಾಗಲೇ ಮಧ್ಯದ ನಕ್ಷತ್ರಕ್ಕೆ ಗುರುತ್ವ ಕೊಟ್ಟಿದ್ದರು, ಹಿನ್ನೆಲೆಯಲ್ಲಿ ನಿಜವಾದ ಆಕಾಶದ ನಕ್ಷೆ ಹಾಕಿದ್ದರು. ಈ ಆಟ ಮತ್ತು ಲೆಕ್ಕ ಹುಟ್ಟಿನಿಂದಲೂ ಜೊತೆಗೇ ಇವೆ. ಆಡಿದ ದಿನ ಒಂದು ಲೆಕ್ಕ ಬರೆದು ನಿಮಗೆ ತೋರಿಸಲಿ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ನಿಮಗೆ ಅರ್ಥ ಮಾಡಿಸುವುದೇ ಅವನ ಅಭ್ಯಾಸವಾಗಲಿ.

ಗುರುತಿಲ್ಲದವರ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಊರು, ಶಾಲೆ, ಫೋನ್ ನಂಬರ್, ಫೋಟೊ, ಒಟಿಪಿ ಯಾವುದನ್ನೂ ಕೊಡಕೂಡದು. ಮಾತು ಹೆಡ್‌ಫೋನಿನಲ್ಲಿ ಬೇಡ, ನಡುಮನೆಯಲ್ಲಿ ಸ್ಪೀಕರಿನಲ್ಲಿ ನಡೆಯಲಿ. ‘ಬೇರೆ ಕಡೆ ಒಬ್ಬನೇ ಮಾತಾಡೋಣ ಬಾ’ ಎಂದು ಯಾರಾದರೂ ಕರೆದರೆ ಆ ದಿನವೇ ನಿಮಗೆ ಹೇಳಬೇಕು, ಹೇಳಿದ್ದಕ್ಕೆ ನೀವು ಬೈಯಬಾರದು.

ಪ್ರಶ್ನೆ: ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಗೇಮಿನಲ್ಲಿ ಸಾವಿರಾರು ಜನ ಒಂದೇ ಕಡೆ ಯುದ್ಧಕ್ಕೆ ಸೇರಿದರೆ ಎಲ್ಲವೂ ನಿಧಾನವಾಗುತ್ತದೆ. ಅದನ್ನು ಟೈಮ್ ಡೈಲೇಷನ್, ಅಂದರೆ ಕಾಲದ ಹಿಗ್ಗುವಿಕೆ, ಎನ್ನುತ್ತಾರೆ. ಇದು ಐನ್‌ಸ್ಟೀನ್ ಹೇಳಿದ್ದೇ?
— ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಹೆಸರು ಮಾತ್ರ ಅಲ್ಲಿಯದು. ಸರ್ವರ್ ಮೇಲೆ ಹೊರೆ ಬಿದ್ದಾಗ ಗೇಮಿನ ಗಡಿಯಾರವನ್ನು ಹತ್ತರಲ್ಲಿ ಒಂದು ಪಾಲಿನವರೆಗೂ ನಿಧಾನ ಮಾಡುತ್ತಾರೆ, ಅದೂ ಅಲ್ಲಿರುವ ಎಲ್ಲರಿಗೂ ಒಂದೇ ಸಮ. ಐನ್‌ಸ್ಟೀನ್ ಹೇಳಿದ್ದರಲ್ಲಿ ಇಬ್ಬರ ಗಡಿಯಾರ ಬೇರೆ ಬೇರೆಯಾಗಿ ನಡೆಯುತ್ತದೆ. ಜಿಪಿಎಸ್ ಉಪಗ್ರಹದ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೋಸೆಕೆಂಡು (ಒಂದು ಮೈಕ್ರೋಸೆಕೆಂಡು ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಹಿಂದೆ ಬೀಳುತ್ತದೆ, ಎತ್ತರದಲ್ಲಿ ಗುರುತ್ವ ಕಡಿಮೆಯಾದ್ದರಿಂದ 45 ಮುಂದೆ ಹೋಗುತ್ತದೆ. ಒಟ್ಟಿಗೆ 38 ಮುಂದೆ. ಅದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕ ಒಂದೇ ದಿನದಲ್ಲಿ 11 ಕಿ.ಮೀ. ತಪ್ಪುತ್ತದೆ. ಆ 38 ಮೈಕ್ರೋಸೆಕೆಂಡನ್ನು ಬೆಳಕಿನ ವೇಗದಿಂದ ಗುಣಿಸಿ ನೀನೇ ನೋಡು.